ಇಪ್ಪತ್ತೊಂದು ಬಿಂದು

ಒಂದು ಕೈಗೆ ಇಪ್ಪತ್ತೊಂದು ಬಿಂದು. ಮಣಿಕಟ್ಟಿಗೆ ಒಂದು, ಬೆರಳಿಗೆ ನಾಲ್ಕರಂತೆ ಐದು ಬೆರಳಿಗೆ ಇಪ್ಪತ್ತು. ಪೀಣ್ಯ ಎರಡನೇ ಹಂತದ ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹನ್ನೆರಡು ಹೆಂಗಸರಿಗೆ ಈ ಲೆಕ್ಕ ಮಗ್ಗಿಯ ಹಾಗೆ ಬಾಯಿಗೆ ಬಂದಿತ್ತು. ನೀಲಾಂಬಿಕಾಳಿಗಂತೂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಕೈ ಕಂಡರೂ ಗೆಣ್ಣುಗೆಣ್ಣಿಗೆ ಹಸಿರು ಚುಕ್ಕೆ ಕಾಣಿಸುತ್ತಿತ್ತು.

ಕೆಳಗಿನ ಹಾಲ್‌ನಲ್ಲಿ ನಡೆಯುವ ಕೆಲಸ ಹೊರಗಿನವರಿಗೆ ಹುಚ್ಚಾಟದಂತೆ ಕಾಣಬಹುದು. ಮೂವತ್ತು ಜನ ತಲೆಗೆ ಕ್ಯಾಮೆರಾ ಇರುವ ಟೋಪಿ ಹಾಕಿಕೊಂಡು ದಿನವಿಡೀ ಲೋಟ ಎತ್ತುತ್ತಾರೆ, ಇಡುತ್ತಾರೆ. ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ. ಟವೆಲ್ ಮಡಿಸಿ, ಕೊಡವಿ, ಮತ್ತೆ ಮಡಿಸುತ್ತಾರೆ. ಅವರ ಕಣ್ಣೆದುರು ನಡೆದದ್ದೆಲ್ಲ ತುಣುಕು ತುಣುಕು ವಿಡಿಯೊ ಆಗಿ ಮೇಲಕ್ಕೆ ಬರುತ್ತದೆ. ಅಲ್ಲಿ ಹೆಂಗಸರು ಒಂದೊಂದು ವಸ್ತುವಿನ ಅಂಚಿಗೂ ಗೆರೆ ಎಳೆದು, ಇದು ಲೋಟ, ಇದು ಮುಚ್ಚಳ, ಇದು ಸ್ಪ್ಯಾನರ್ ಎಂದು ಹೆಸರು ಹಚ್ಚಿ, ಹಿಡಿದ ಕೈಗೆ ಬಿಂದು ಇಟ್ಟು ಕಳಿಸುತ್ತಾರೆ. ಅದು ಮನುಷ್ಯಾಕಾರದ ರೋಬೊ ಮಾಡುವ ವೈಟ್‌ಫೀಲ್ಡಿನ ಒಂದು ಕಂಪನಿಗೆ ಹೋಗುತ್ತದೆ. ಕೂಸಿಗೆ ಲೋಟ ಅಂದರೇನೆಂದು ನಾಲ್ಕು ಸಲ ತೋರಿಸಿದರೆ ಸಾಕು. ರೋಬೊಗೆ ನಿಂತ ಲೋಟ, ಬಿದ್ದ ಲೋಟ, ನೆರಳಿನಲ್ಲಿರುವ ಲೋಟ, ಕೈಯೊಳಗೆ ಅರ್ಧ ಮುಚ್ಚಿಹೋದ ಲೋಟ ಎಂದು ಸಾವಿರಗಟ್ಟಲೆ ತೋರಿಸಬೇಕು. ಕೈಯೂ ಅಷ್ಟೇ ಮುಖ್ಯ. ಬೆರಳು ಎಲ್ಲಿ ತಾಗಿ ನಿಂತಿತೋ ಅಲ್ಲಿಂದ ವಸ್ತುವಿನ ಮೈ ಶುರು ಎಂದು ಅದು ಕಲಿಯುತ್ತದೆ.

ಕೊಪ್ಪಳ ಜಿಲ್ಲೆ ಕುಷ್ಟಗಿ ಕಡೆಯ ನೀಲಾಂಬಿಕಾ ಪಿಯುಸಿ ಓದಿದವಳು, ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ಕಾಲರ್ ಹೊಲಿದವಳು. ಅಂಚು ಹಿಡಿಯುವ ಕಣ್ಣು ಅವಳಿಗೆ ಅಲ್ಲಿಂದಲೇ ಬಂದಿತ್ತು. ಸ್ಟೀಲ್ ಲೋಟ ಬಂದರೆ ಬೇರೆಯವರು ತಡವರಿಸುತ್ತಿದ್ದರು. ಹೊಳಪಿನಲ್ಲಿ ಟ್ಯೂಬ್‌ಲೈಟು, ಹಿಡಿದವನ ಅಂಗಿ, ಪಕ್ಕದ ಡಬ್ಬಿ ಎಲ್ಲ ಮೂಡಿ ಲೋಟ ಎಲ್ಲಿ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ. ಅವಳು ಒಂದೇ ಎಳೆತಕ್ಕೆ ಗೆರೆ ಮುಗಿಸುತ್ತಿದ್ದಳು. ಹೊಸಬರು ಅನುಮಾನ ಬಂದರೆ ಅವಳ ಕುರ್ಚಿಯ ಹತ್ತಿರವೇ ಬರುತ್ತಿದ್ದರು.

ಅವಳ ಗಂಡ ಬಸಲಿಂಗ ಕೆಳಗಿನ ಹಾಲ್‌ನಲ್ಲಿ ಟೋಪಿ ಹಾಕುವವರಲ್ಲಿ ಒಬ್ಬ. ಮೂರು ವರ್ಷದ ಹಿಂದೆ ಪೀಣ್ಯದ್ದೇ ಒಂದು ಪುಟ್ಟ ಕಾರ್ಖಾನೆಯಲ್ಲಿ ತಗಡು ಕತ್ತರಿಸಿ ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದ. ಕೈ ಒಳಗಿದ್ದರೆ ಯಂತ್ರ ನಿಲ್ಲಿಸುವ ಸೆನ್ಸರನ್ನು, ಕೆಲಸ ನಿಧಾನವಾಗುತ್ತದೆಂದು ಅಲ್ಲಿ ಬಿಚ್ಚಿಟ್ಟಿದ್ದರು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಬುಡದ ಗೆಣ್ಣಿನ ಮೇಲಿಂದ ಹೋದವು. ಆಮೇಲೆ ಒಂದೂವರೆ ವರ್ಷ ಅವನಿಗೆ ಕೆಲಸ ಸಿಗಲಿಲ್ಲ. ಪ್ರೆಸ್ಸಿನವರು ಕೈ ನೋಡಿ ಬೇಡವೆಂದರು, ಪ್ಯಾಕಿಂಗಿನವರು ನಿಧಾನವೆಂದರು, ಅಪಾರ್ಟ್‌ಮೆಂಟಿನವರು ಗೇಟಿನಲ್ಲಿ ಕೈ ಎದ್ದು ಕಾಣುತ್ತದೆಂದರು. ಟಿ. ದಾಸರಹಳ್ಳಿಯ ಬಾಡಿಗೆ ಕೋಣೆಯಲ್ಲಿ ಅವನು ಬಲಗೈಗೆ ಟವೆಲ್ ಸುತ್ತಿಕೊಂಡೇ ಕೂತಿರುತ್ತಿದ್ದ. ನೆಂಟರ ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿದ. ಫೋನು ಬಂದರೆ ಅವಳಿಗೇ ಎತ್ತಲು ಹೇಳುತ್ತಿದ್ದ.

ಈ ಕೆಲಸಕ್ಕೆ ಅವನನ್ನು ತೆಗೆದುಕೊಂಡವನು ಹಾಲ್‌ನ ಸೂಪರ್‌ವೈಸರ್ ಇರಣ್ಣ. ಇಪ್ಪತ್ತು ವರ್ಷ ಲೇತ್ ಓಡಿಸಿದವನು. ಪೀಣ್ಯದಲ್ಲಿ ಯಂತ್ರದ ಮುಂದೆ ದುಡಿದವರು ಒಬ್ಬನಿಗೆ ಹತ್ತೂ ಬೆರಳಿವೆಯೇ ಎಂದು ಎಣಿಸಿ ನೋಡುವುದಿಲ್ಲ. ಚಹಾದಂಗಡಿಯವನು ಕೂಡ ಗಿರಾಕಿಯ ಕೈ ನೋಡಿ, ಕೇಳದೆಯೇ ಗ್ಲಾಸನ್ನು ಎಡಗೈಗೆ ಕೊಡುತ್ತಾನೆ. ಇರಣ್ಣನೂ ಹಾಗೆಯೇ, ಬಸಲಿಂಗ ಉಳಿದ ಮೂರು ಬೆರಳಲ್ಲಿ ನಟ್ಟು ತಿರುಗಿಸುವ ಚುರುಕು ನೋಡಿದ.

"ಸಕ್ಕತ್ ಮಾಡ್ತೀಯ ಕಣೋ. ಐದು ಬೆರಳಿರೋ ನನ್ ಮಕ್ಳು ಇಲ್ಲಿ ಲೋಟ ಕೆಡವ್ತಾರೆ," ಎಂದು ಟೋಪಿ ಕೊಟ್ಟ.

ನಿಯಮ ಒಂದಿತ್ತು. ತಿಂಗಳಲ್ಲಿ ಒಬ್ಬನ ತುಣುಕುಗಳ ಪೈಕಿ ನೂರಕ್ಕೆ ಐದಕ್ಕಿಂತ ಹೆಚ್ಚು ತಿರಸ್ಕಾರವಾದರೆ ಅವನ ಟೋಪಿ ಬೇರೆಯವನಿಗೆ ಹೋಗುತ್ತದೆ. ತಿರಸ್ಕರಿಸುವವರು ಮೇಲಿನ ಮಹಡಿಯ ಹೆಂಗಸರು.

ಅವನು ಸೇರಿದ ಮೂರನೇ ದಿನ ಆ ಕೈ ನೀಲಾಂಬಿಕಾಳ ಪರದೆಗೆ ಬಂತು. ತುಣುಕಿಗೆ ಹೆಸರಿರುವುದಿಲ್ಲ, ಮುಖವಿರುವುದಿಲ್ಲ. ಕೆಲಸಗಾರರ ಗುರುತು ಉಳಿಯಬಾರದೆಂದು ಒಪ್ಪಂದವೇ ಇತ್ತು. ಒಂದು ಅಂಕಿ, ಒಂದು ಮೇಜು, ಒಂದು ನೀರಿನ ಜಗ್ಗು, ಎರಡು ಕೈ. ಅವಳು ಜಗ್ಗಿನ ಅಂಚಿಗೆ ಗೆರೆ ಎಳೆದಳು. ಎಡಗೈಗೆ ಇಪ್ಪತ್ತೊಂದು ಬಿಂದು ಇಟ್ಟಳು. ಬಲಗೈಗೆ ಹದಿನೈದು ಇಟ್ಟ ಮೇಲೆ ಮೌಸ್ ನಿಂತಿತು. ಆರು ಬಿಂದುಗಳಿಗೆ ಜಾಗವಿರಲಿಲ್ಲ. ಹದಿನೈದಕ್ಕೆ ತಂತ್ರಾಂಶ ಮುಂದಕ್ಕೆ ಬಿಡುವುದಿಲ್ಲ. ಇಪ್ಪತ್ತೊಂದು ತುಂಬಬೇಕು, ಇಲ್ಲವೇ "ಕೈ ಅಪೂರ್ಣ" ಎಂಬ ಕೆಂಪು ಗುಂಡಿ ಒತ್ತಿ ತಿರಸ್ಕರಿಸಬೇಕು.

ಆದರೆ ನಿಯಮದ ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ವಸ್ತುವಿನ ಹಿಂದೆ ಬೆರಳು ಮರೆಯಾಗಿದ್ದರೆ, ಅದು ಎಲ್ಲಿರಬಹುದೆಂದು ಊಹಿಸಿ ಹಳದಿ ಬಿಂದು ಇಡಬೇಕು. ಕಂಡ ಬೆರಳಿಗೆ ಹಸಿರು, ಕಾಣದ ಬೆರಳಿಗೆ ಹಳದಿ.

ಕಾಣದ ಬೆರಳು ತಾನೇ ಎಂದುಕೊಂಡು ಅವಳು ಆರು ಹಳದಿ ಬಿಂದು ಇಟ್ಟಳು. ಜಗ್ಗಿನ ಹಿಡಿಕೆಯ ಹಿಂದೆ, ಆ ಬೆರಳುಗಳು ಇದ್ದಿದ್ದರೆ ಎಲ್ಲಿರುತ್ತಿದ್ದವೋ ಅಲ್ಲಿಯೇ. ಊಹಿಸಬೇಕಾಗಿಯೇ ಇರಲಿಲ್ಲ. ಆ ಬೆರಳು ಎಷ್ಟುದ್ದವಿದ್ದವು, ಹೇಗೆ ಬಾಗುತ್ತಿದ್ದವು ಎಂಬುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು.

ವಾರದೊಳಗೆ ಅದೇ ಕೈ ಪಕ್ಕದ ಕುರ್ಚಿಯ ಭಾಗ್ಯಶ್ರೀಗೂ ಬಂತು. ಅವಳ ಅಪ್ಪ ಫೌಂಡ್ರಿಯಲ್ಲಿದ್ದ.

"ಅಕ್ಕಾ, ಇದಕ್ಕ ಏನ್ ಹಾಕ್ಲಿ? ಎರಡ ಬೆರಳ ಇಲ್ಲ."

"ಹಿಂದ ಅದಾವ. ಹಳದಿ ಹಾಕು."

ಭಾಗ್ಯಶ್ರೀ ಪರದೆ ನೋಡಿದಳು, ನೀಲಾಂಬಿಕಾಳ ಮುಖ ನೋಡಿದಳು. "ಹಿಂದ ಅದಾವ ಬಿಡು," ಎಂದು ಹಳದಿ ಹಾಕಿದಳು.

ಹೀಗೆ ಮಾತಿಲ್ಲದೆ ಅದು ಆ ಕೋಣೆಯ ರೂಢಿಯಾಯಿತು. ಹನ್ನೆರಡು ಹೆಂಗಸರಲ್ಲಿ ಏಳು ಮಂದಿಯ ಅಪ್ಪನೋ ಗಂಡನೋ ಅಣ್ಣನೋ ಪ್ರೆಸ್ಸು, ಲೇತು, ಫೌಂಡ್ರಿಯಲ್ಲಿದ್ದವರು. ತಾವು ಸುಳ್ಳು ಹೇಳುತ್ತಿದ್ದೇವೆಂದು ಅವರಿಗೆ ಅನ್ನಿಸಲೇ ಇಲ್ಲ. ಕೆಲಸ ಮಾಡುವ ಕೈಯನ್ನು ಕೈಯಲ್ಲ ಎಂದು ಗುಂಡಿ ಒತ್ತುವುದೇ ಅವರಿಗೆ ಸುಳ್ಳಾಗಿ ಕಂಡಿತು.

ಬಸಲಿಂಗನಿಗೆ ಇದು ಯಾವುದೂ ತಿಳಿಯದು. ತಿಂಗಳ ಕೊನೆಗೆ ಹಾಲ್‌ನ ಗೋಡೆಗೆ ಪಟ್ಟಿ ಅಂಟಿಸಿದರೆ ಅವನ ಸಂಖ್ಯೆ ಮೊದಲ ಐದರಲ್ಲಿರುತ್ತಿತ್ತು. ತಿರಸ್ಕಾರ ಒಂದೂ ಇಲ್ಲ. ಅವನು ಟವೆಲ್ ಸುತ್ತುವುದನ್ನು ಬಿಟ್ಟ. ಮೆಟ್ರೊ ಸ್ಟೇಷನ್ನಿನ ಕೆಳಗೆ ಸೊಪ್ಪು ಕೊಳ್ಳುವಾಗ ಬಲಗೈಯನ್ನೇ ಮುಂದೆ ಚಾಚಿದ. ಆ ಹೊತ್ತು ಪಕ್ಕದಲ್ಲಿ ನಿಂತಿದ್ದ ನೀಲಾಂಬಿಕಾ ಬೇಕೆಂದೇ ಬೇರೆ ಕಡೆ ನೋಡಿದಳು, ಅವನು ನಾಚಿ ಹಿಂದಕ್ಕೆ ತೆಗೆದುಕೊಂಡಾನೆಂದು.

"ಆ ಮಿಷಿನ್ ಚಲೋ ಐತಿ ನೋಡು," ಎಂದ ಒಂದು ಸಂಜೆ ರೊಟ್ಟಿ ಮುರಿಯುತ್ತ. "ಮಂದಿ ಬೆರಳ ಎಣಿಸ್ತಾರ. ಅದು ಕೆಲಸ ನೋಡ್ತೈತಿ."

"ಹೂಂ," ಎಂದಳು. ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ರೊಟ್ಟಿಯ ಜೊತೆ ನುಂಗಿದಳು.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು.

ಒಂದು ಮಂಗಳವಾರ ವೈಟ್‌ಫೀಲ್ಡಿನಿಂದ ಹರ್ಷವರ್ಧನ್ ಬಂದ. ಗುಣಮಟ್ಟ ನೋಡಿಕೊಳ್ಳುವ ಎಂಜಿನಿಯರ್. ಮೂವತ್ತರ ಆಸುಪಾಸು, ದನಿ ಏರಿಸದ ಮನುಷ್ಯ. ಹನ್ನೆರಡು ಮಂದಿಯನ್ನೂ ಕೂರಿಸಿ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ತೋರಿಸಿದ. ಬಿಳಿ ಮೈಯ ರೋಬೊ ಮೇಜಿನ ಮೇಲಿನ ಸ್ಟೀಲ್ ಲೋಟಕ್ಕೆ ಕೈ ಚಾಚಿತು. ಬೆರಳುಗಳು ಲೋಟಕ್ಕೆ ಬಡಿದವು, ಲೋಟ ಉರುಳಿತು. ಮತ್ತೆ ಇಟ್ಟರು, ಮತ್ತೆ ಉರುಳಿಸಿತು. ಕಾಗದದ ಲೋಟ ಇಟ್ಟರೆ ಹಿಂಡಿ ಚಪ್ಪಟೆ ಮಾಡಿತು.

"ಲೋಟ ಇರೋದಕ್ಕಿಂತ ಸಣ್ಣದು ಅಂತ ಇದು ತಿಳ್ಕೊಂಡಿದೆ," ಎಂದ. "ಎರಡು ತಿಂಗಳು ಹುಡುಕಿದ್ವಿ. ಕೆಲವು ತುಣುಕುಗಳಲ್ಲಿ ಬೆರಳಿನ ಬಿಂದುಗಳು ಲೋಟದ ಒಳಗೇ ಇವೆ. ಅಂಗೈ ಲೋಟಕ್ಕೆ ಒತ್ತಿಕೊಂಡಿರೋ ಕಡೆ, ಬೆರಳಿಗೆ ಜಾಗವೇ ಇಲ್ಲದಲ್ಲಿ, ಸ್ಟೀಲ್ ದಾಟಿ. ಬೆರಳು ಅಲ್ಲಿಗೆ ಹೋಗುತ್ತೆ ಅಂದ್ರೆ ಲೋಟದ ಮೈ ಅದಕ್ಕೂ ಒಳಗಿದೆ ಅಂತ ಅದು ಕಲೀತು."

ಅವನು ಒಂದು ತುಣುಕು ನಿಲ್ಲಿಸಿದ. ಹೆಬ್ಬೆರಳು, ಉಂಗುರಬೆರಳು, ಕಿರುಬೆರಳಿನಲ್ಲಿ ಹಿಡಿದ ಲೋಟ. ಆರು ಹಳದಿ ಬಿಂದು.

"ಈ ಕೈಗೆ ಎರಡು ಬೆರಳು ಇಲ್ಲ ಅಲ್ವಾ?"

ಭಾಗ್ಯಶ್ರೀ ತಲೆ ತಗ್ಗಿಸಿದಳು. ನೀಲಾಂಬಿಕಾ ಎದ್ದು ನಿಂತಳು. "ನಾನ ಹೇಳಿದ್ದು ಸರ್, ಇವರಿಗೆಲ್ಲ. ಅದು ನಮ್ಮ ಮನಿಯವರ ಕೈ."

ಹರ್ಷವರ್ಧನ್ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನೋಡಿ ಮೇಡಂ, ನಿಮ್ಮ ಉದ್ದೇಶ ಅರ್ಥ ಆಗುತ್ತೆ. ಆದ್ರೆ ಇಲ್ಲಿಂದ ಹೋಗಿರೋದು ಮೂವತ್ತೆಂಟು ಸಾವಿರ ತುಣುಕು. ಹಳದಿ ಬಿಂದು ಎಲ್ಲದರಲ್ಲೂ ಇರುತ್ತೆ, ಯಾವುದು ನಿಜ ಯಾವುದು ಸುಳ್ಳು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗಲ್ಲ. ಹೆಸರೂ ಇಲ್ಲ, ಯಾವ ತುಣುಕು ಯಾರದು ಅನ್ನೋ ಲೆಕ್ಕ ತಿಂಗಳ ಪಟ್ಟಿ ಆದ್ಮೇಲೆ ಅಳಿಸಿಬಿಡ್ತೀವಿ. ಒಂದು ವಾರದಲ್ಲಿ ಕ್ಲೀನ್ ಆಗ್ಲಿಲ್ಲ ಅಂದ್ರೆ ಈ ಸೆಂಟರ್‌ನೇ ಮುಚ್ಚಿ ಅಂತಾರೆ ಮೇಲಿನವರು. ಎಲ್ಲರೂ ಹೋಗ್ತಾರೆ." ಆಮೇಲೆ ಮೆಲ್ಲಗೆ ಕೇಳಿದ: "ನಿಮಗೆ ಆ ಕೈ ನೋಡಿದ್ರೆ ಗೊತ್ತಾಗುತ್ತೆ ಅಲ್ವಾ?"

ಸಂಜೆ ಅವಳು ಕೋಣೆಗೆ ಬಂದಾಗ ಬಸಲಿಂಗ ಸ್ಟೋವ್ ಹಚ್ಚಿ ಅನ್ನಕ್ಕಿಟ್ಟಿದ್ದ. ನಿಂತಲ್ಲೇ ಎಲ್ಲ ಹೇಳಿದಳು. ಅವನು ಸ್ಟೋವ್ ಸಣ್ಣದು ಮಾಡಿದ.

"ಯಾವಾಗಿಂದ?"

"ಮೂರನೇ ದಿನದಿಂದ."

"ಗ್ವಾಡಿ ಮ್ಯಾಲಿನ ಪಟ್ಟಿ?"

"ಅದೂ ಅದರಿಂದನ."

"ಅಂದ್ರ ಪಾಸ್ ಆಗಿದ್ದು ನನ್ನ ಕೈ ಅಲ್ಲ. ನೀ ಬರೆದ ಕೈ."

"ಕೆಲಸ ನೀವ ಮಾಡೀರಿ. ಬೆರಳಷ್ಟ ನಾ ಹಾಕೀನಿ."

"ಬೆರಳಷ್ಟ," ಎಂದ ಅವನು. ನಕ್ಕನೋ ಎಂಬಂತೆ ಮೂಗಿನಿಂದ ಉಸಿರು ಬಿಟ್ಟ. ಅನ್ನದ ಮುಚ್ಚಳ ತೆಗೆದು ಸೌಟು ಆಡಿಸಿದ. "ಹನ್ನೆರಡ ಮಂದಿ ಹೊಟ್ಟಿ ಮ್ಯಾಲ ಕಾಲ ಇಡಬ್ಯಾಡ. ಹುಡುಕಿ ತಗಿ."

ಮಾರನೇ ದಿನದಿಂದ ಅವಳು ಗಂಡನ ಕೈಯನ್ನು ಹುಡುಕತೊಡಗಿದಳು. ಒಂದೊಂದು ತುಣುಕಿನ ಮೊದಲ ಕ್ಷಣಗಳನ್ನು ಓಡಿಸಿ ನೋಡುವುದು, ಅವನಲ್ಲವೆಂದರೆ ಮುಂದೆ ಹೋಗುವುದು, ಅವನೇ ಎಂದರೆ ಕೆಂಪು ಗುಂಡಿ. ಬೆರಳಿಲ್ಲದ ಜಾಗ ಕಂಡರೆ ಸುಲಭ. ಆದರೆ ಟವೆಲಿನೊಳಗೆ ಹೋದ ಕೈ, ಡಬ್ಬಿಯ ಹಿಂದಿನ ಕೈ, ಮುಷ್ಟಿ ಹಿಡಿದ ಕೈಗಳೂ ಇದ್ದವು. ಅವಳಿಗೆ ಅವೂ ಗೊತ್ತಾಗುತ್ತಿದ್ದವು. ಮಣಿಕಟ್ಟಿನ ತಿರುವಿನಿಂದ, ಲೋಟ ಎತ್ತಿದ ಕೂಡಲೇ ಬೋರಲು ಮಾಡಿ ನೀರು ಜಾಡಿಸುವ ಅಭ್ಯಾಸದಿಂದ, ಮಡಿಸಿದ ಬಟ್ಟೆಯ ಮೇಲೆ ಅಂಗೈ ಸವರುವ ರೀತಿಯಿಂದ. ಮೂರನೇ ದಿನದ ಹೊತ್ತಿಗೆ ಅವಳಿಗೆ ಅಷ್ಟು ಓಡಿಸುವುದೂ ಬೇಕಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವನ ಕೈಯನ್ನು ಇಷ್ಟು ಹೊತ್ತು ಅವಳು ನೋಡಿರಲಿಲ್ಲ.

ಅವಳು ಎರಡನೇ ದಿನದ ಕೆಲಸದಲ್ಲಿದ್ದಾಗಲೇ ಇರಣ್ಣ ಕೆಳಗೆ ಬಸಲಿಂಗನ ಟೋಪಿ ವಾಪಸ್ ತೆಗೆದುಕೊಂಡಿದ್ದ.

"ನನ್ ಕೈಲಿ ಏನೂ ಇಲ್ಲ ಗುರು," ಎಂದಿದ್ದನಂತೆ. "ಬೊಮ್ಮಸಂದ್ರದಲ್ಲಿ ಇಂಥದ್ದೇ ಇನ್ನೊಂದು ಸೆಂಟರ್ ಐತೆ. ಕಾಂಟ್ರಾಕ್ಟರ್ ಬೇರೆ, ನಿನ್ ಮುಖ ಅಲ್ಲಿ ಯಾರಿಗೂ ಗೊತ್ತಿಲ್ಲ. ಎಡಗೈಯಲ್ಲಿ ಪಳಗಿಕೊಂಡು ಹೋಗು. ಬಲಗೈ ಸುಮ್ನೆ ಮುಷ್ಟಿ ಕಟ್ಕೊಂಡು ಆಸರೆಗೆ ಇಟ್ಕೋ. ಯಾರ್ ನೋಡ್ತಾರೆ."

ಏಳನೇ ದಿನ ಸಂಜೆ ನಾಲ್ಕಕ್ಕೆ ನೀಲಾಂಬಿಕಾ ಪಟ್ಟಿ ಒಪ್ಪಿಸಿದಳು. ಒಂದು ಸಾವಿರದ ನೂರಾ ನಲವತ್ತಮೂರು ತುಣುಕು. ಹರ್ಷವರ್ಧನ್ ಫೋನಿನಲ್ಲಿ ಕೇಳಿದ: "ಡೌಟ್ ಇರೋದು ಯಾವುದಾದ್ರೂ ಉಳೀತಾ?" ಇಲ್ಲವೆಂದಳು. ಸೆಂಟರ್ ಉಳಿಯಿತು. ಅವಳ ಕೆಲಸವೂ ಉಳಿಯಿತು. ಭಾಗ್ಯಶ್ರೀ ಅವಳಿಗೆ ಮನೆಯಿಂದ ಚಿತ್ರಾನ್ನ ತಂದುಕೊಟ್ಟಳು. ಇಬ್ಬರೂ ಡಬ್ಬಿಯ ಮುಖ ನೋಡುತ್ತ ತಿಂದರು.

ಇರಣ್ಣ ಹೇಳಿದ್ದನ್ನು ಬಸಲಿಂಗ ಹಟ ಹಿಡಿದು ಮಾಡಿದ. ಮೂರು ವಾರ, ಅವಳು ಕೆಲಸಕ್ಕೆ ಹೋದ ಮೇಲೆ, ಕೋಣೆಯಲ್ಲಿ ಕೂತು ಎಡಗೈಯಲ್ಲಿ ಕಡಲೆ ಆರಿಸಿದ, ಗುಂಡಿ ಹಾಕಿದ, ಡಬ್ಬಿ ತೆಗೆದ. ಬಲಗೈಯನ್ನು ಮುಷ್ಟಿ ಕಟ್ಟಿ ವಸ್ತುವಿಗೆ ಆನಿಸುವುದನ್ನು ಕಲಿತ. ಒಂದು ಸಂಜೆ ಅವಳೆದುರು ಮೊರದಲ್ಲಿ ಹನ್ನೊಂದು ವಸ್ತು ಜೋಡಿಸಿ, ಒಂದೊಂದಾಗಿ ಎತ್ತಿ ಇಟ್ಟು ತೋರಿಸಿದ. ಗೊತ್ತಿಲ್ಲದವರು ಎದುರೇ ನಿಂತಿದ್ದರೂ ಆ ಮುಷ್ಟಿಯೊಳಗೆ ಎಷ್ಟು ಬೆರಳಿವೆ ಎಂದು ಹೇಳಲಾಗುತ್ತಿರಲಿಲ್ಲ.

"ಹೆಂಗ?" ಎಂದ.

"ನನಗೂ ಗೊತ್ತಾಗಲಿಲ್ಲ," ಎಂದಳು. ಅದು ಮಾತ್ರ ಸುಳ್ಳು.

ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿದ. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಬೊಮ್ಮಸಂದ್ರಕ್ಕೆ ಒಂದೂವರೆ ಗಂಟೆ.

ಅದೇ ದಿನ ಹತ್ತೂವರೆಗೆ ಹರ್ಷವರ್ಧನ್ ಪೀಣ್ಯಕ್ಕೆ ಬಂದ. ಈ ಸಲ ಮುಖದಲ್ಲಿ ನಗೆಯಿತ್ತು. ಲ್ಯಾಪ್‌ಟಾಪಿನಲ್ಲಿ ರೋಬೊ ಲೋಟ ಎತ್ತಿತು, ತಟ್ಟೆಯಲ್ಲಿಟ್ಟಿತು, ಕಾಗದದ ಲೋಟವನ್ನೂ ಎತ್ತಿತು. ಹೆಂಗಸರು ಚಪ್ಪಾಳೆ ತಟ್ಟಿದರು.

"ಇನ್ನೊಂದು ಒಳ್ಳೆ ಸುದ್ದಿ," ಎಂದು ಅವನು ನೀಲಾಂಬಿಕಾಳ ಕಡೆ ತಿರುಗಿದ. "ನಿಮ್ಮ ಲಿಸ್ಟ್ ಸುಮ್ನೆ ಡಿಲೀಟ್ ಮಾಡ್ಲಿಲ್ಲ ಮೇಡಂ. ಅದನ್ನೇ ಉದಾಹರಣೆಯಾಗಿ ಕೊಟ್ಟು ಒಂದು ಫಿಲ್ಟರ್ ಕಲಿಸಿದ್ವಿ. ಬೆರಳಿಲ್ಲದ ಕೈ ಹೇಗಿರುತ್ತೆ ಅಂತ ಅದಕ್ಕೆ ಮೊದಲು ಗೊತ್ತೇ ಇರ್ಲಿಲ್ಲ, ಅಂಥ ಡೇಟಾ ಯಾರ ಹತ್ರಾನೂ ಇಲ್ಲ. ನೀವು ಮುಷ್ಟಿ ಹಿಡಿದಿರೋದು, ಬಟ್ಟೆ ಮುಚ್ಚಿರೋದೆಲ್ಲ ಸೇರಿಸಿಕೊಟ್ರಿ ನೋಡಿ, ಅದರಿಂದ್ಲೇ ಆಗಿದ್ದು. ನೂರಕ್ಕೆ ತೊಂಬತ್ತೇಳು ಸರಿ ಹೇಳುತ್ತೆ. ಇನ್ಮೇಲೆ ಟೋಪಿ ಕೊಡೋ ಮುಂಚೆನೇ ಚೆಕ್ ಆಗುತ್ತೆ, ನಿಮಗೂ ತಲೆನೋವು ಇಲ್ಲ. ಇವತ್ತಿಂದ ನಮ್ಮ ಕೆಲಸ ಮಾಡೋ ಎಲ್ಲಾ ಕಾಂಟ್ರಾಕ್ಟರ್‌ಗಳ ಗೇಟಲ್ಲೂ ಹಾಕಿದೀವಿ."

"ಬೊಮ್ಮಸಂದ್ರದಾಗೂ?" ಎಂದಳು.

"ಅಲ್ಲೇ ಮೊದಲು."

ಅವಳು ಫೋನು ಹಿಡಿದು ಮೆಟ್ಟಿಲಿಗೆ ಹೋದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಕೆಳಗಿನ ರಸ್ತೆಯಲ್ಲಿ ಟೆಂಪೊವೊಂದಕ್ಕೆ ಕಬ್ಬಿಣದ ಶೀಟು ಹೇರುತ್ತಿದ್ದರು. ಐದನೇ ಸಲಕ್ಕೆ ಅವನೇ ತಿರುಗಿ ಮಾಡಿದ.

"ಟೋಪಿ ಕೊಡೂಕಿಂತ ಮೊದ್ಲ ಒಂದ ಕ್ಯಾಮೆರಾ ಡಬ್ಬಿ ಮುಂದ ಕೈ ಹಿಡಿ ಅಂದ್ರು," ಎಂದ. ದನಿ ಸಮವಾಗಿತ್ತು. "ಮುಷ್ಟಿ ಕಟ್ಟಿಕೊಂಡ ಹಿಡಿದೆ. ಕೆಂಪು ಬಂತು. ಅಲ್ಲಿದ್ದ ಹುಡುಗಿಗೆ ನಂಬಿಕಿ ಬರಲಿಲ್ಲ, ಮಿಷಿನ್ ಹೊಸಾದು, ಇನ್ನೊಮ್ಮೆ ಹಿಡೀರಿ ಅಂದ್ಳು. ಕೈಗೆ ಕರ್ಚೀಪ್ ಸುತ್ತಕೊಂಡು ಹಿಡಿದೆ. ಮತ್ತ ಕೆಂಪು. ಆಕಿಗೇ ಗೊತ್ತಾಗಿರಲಿಲ್ಲ ನೀಲಾ, ಮನಷ್ಯಾರಿಗೆ. ಅದಕ್ಕ ಹೆಂಗ ಗೊತ್ತಾತು?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಯಾರ ಕಲಿಸ್ಯಾರ ಅದಕ್ಕ?"

"ನಾನ," ಎಂದಳು. "ನಾ ತಗದ ಕೊಟ್ಟಿದ್ದನ್ನ ಅದಕ್ಕ ತೋರಿಸ್ಯಾರ. ನನಗ ಈಗ ತಿಳೀತು."

ಆ ಕಡೆ ಲಾರಿಯೊಂದು ಹಾಯಿತು.

"ಚಲೋ ಕಲಿಸೀದಿ," ಎಂದ. ಅದರಲ್ಲಿ ಕುಹಕವಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಒಂಬತ್ತು ವರ್ಷದಲ್ಲಿ ಅವನ ದನಿ ಅವಳಿಗೆ ತಿಳಿಯದೇ ಹೋದದ್ದು ಅದೇ ಮೊದಲು.

ಅವನ ಹಿಂದೆ ಯಾರೋ "ಸೈಡಿಗೆ ಬನ್ನಿ ಅಣ್ಣ, ಕ್ಯೂ ಐತೆ" ಎಂದದ್ದು ಕೇಳಿಸಿತು. ಹೆಜ್ಜೆ ಸರಿದ ಸದ್ದು. ಮತ್ತೆ ಅವನ ದನಿ, ಈಗ ತಗ್ಗಿಸಿ, ಬಾಯಿಗೆ ಅಂಗೈ ಅಡ್ಡ ಹಿಡಿದವನಂತೆ.

"ಸಾಲಿನ್ಯಾಗ ಇನ್ನ ಇಬ್ಬರು ಅದಾರ. ಒಬ್ಬವ ಕೈ ಕಿಸೇದಾಗ ಇಟ್ಟಾನ. ಒಬ್ಬವಂದು ಹೆಬ್ಬೆರಳಿಲ್ಲ, ಜಿಗಣಿಯಿಂದ ಬಂದಾನಂತ, ಬೆಳಿಗ್ಗೆ ಆರಕ್ಕ ಬಿಟ್ಟಾನ. ಅವರಿಗೆ ಏನ್ ಹೇಳ್ಲಿ? ನಿಂದ್ರಲಿ ಬಿಡ್ಲ್ಯಾ, ವಾಪಸ್ ಹೋಗ್ರಿ ಅನ್ಲ್ಯಾ?"

ಮೇಲಿನ ಮಹಡಿಯಲ್ಲಿ ಹೆಂಗಸರು ಕುರ್ಚಿಗಳನ್ನು ಎಳೆದುಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು.

"ಹೋಗ್ರಿ ಅನ್ರಿ," ಎಂದಳು ನೀಲಾಂಬಿಕಾ.